ನೀವು ಎಷ್ಟನೇ ಮೆಟ್ಟಿಲಲ್ಲಿದ್ದೀರಿ?

ಗೋವಾದ ಝುವಾರಿನಗರದಲ್ಲಿ ಮೂರು ವಾರ, ಬದುಕು ಹೇಗಿದೆ ಅಂತ ಜನರನ್ನು ಕೇಳುವ ಸಮೀಕ್ಷೆಗೆ ಅಂತ ಮನೆ ಮನೆ ಸುತ್ತಿದ್ದೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು ಅಲ್ಲಿ ತುಂಬಾ ಜನ. ಕನ್ನಡ ಬರುತ್ತೆ ಅಂತಲೇ ನನ್ನನ್ನು ಕಳಿಸಿದ್ದರು.

ಮೊದಲ ಪ್ರಶ್ನೆಯೇ ಏಣಿಯದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಬರೆದ ಪುಸ್ತಕದಿಂದ ಹೆಸರಾದದ್ದು. ಏಣಿಗೆ 0ಯಿಂದ 10ರವರೆಗೆ ಮೆಟ್ಟಿಲು. ತುದಿಯಲ್ಲಿ ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಬದುಕು, ಬುಡದಲ್ಲಿ ಅತಿ ಕೆಟ್ಟದ್ದು. ನೀವೀಗ ಎಲ್ಲಿದ್ದೀರಿ? 2012ರಿಂದ ಪೇಪರಿನಲ್ಲಿ ಬರುವ 'ಸಂತೋಷದ ದೇಶಗಳ' ಪಟ್ಟಿ ಇದೆಯಲ್ಲ, ಅದರ ಅಂಕವೂ ಗ್ಯಾಲಪ್ ಅನ್ನುವ ಸಮೀಕ್ಷೆ ಸಂಸ್ಥೆಯವರು ಕೇಳುವ ಇದೇ ಪ್ರಶ್ನೆಯಿಂದ ಬರುತ್ತದೆ.

ಮೊದಲ ದಿನ ಎಲ್ಲೆಡೆ ಒಂದೇ ಉತ್ತರ. "ಆರಾಮ ಅದೀವ್ರಿ, ಹತ್ತು ಬರ್ಕೋರಿ." ಹೇಳಿದವರೆಲ್ಲ ಗಂಡಸರು, ಸುತ್ತ ಅಕ್ಕಪಕ್ಕದವರು. ಬಾಗಿಲಿಗೆ ಬಂದವರ ಮುಂದೆ ಯಾರು ತಾನೇ ಕಷ್ಟ ಬಿಚ್ಚಿಡುತ್ತಾರೆ? ಅದೂ ಅಲ್ಲದೆ, ಬಾಗಿಲು ತೆಗೆದವರನ್ನೇ ಕೇಳುತ್ತಾ ಹೋದರೆ ಒಂದೇ ಬಗೆಯ ಜನ ಸಿಗುತ್ತಾರೆ. ಹಾಗೆ ಕೇಳಬಾರದು ಅನ್ನುವ ನಿಯಮ ಇರುವುದು ಇದಕ್ಕೇ. ಮನೆಯ ದೊಡ್ಡವರನ್ನೆಲ್ಲ ಪಟ್ಟಿ ಮಾಡಿ, ಒಂದು ಕೋಷ್ಟಕ ನೋಡಿ ಒಬ್ಬರನ್ನು ಆರಿಸಬೇಕು. ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ 1949ರಲ್ಲಿ ಕೊಟ್ಟ ವಿಧಾನ ಇದು. ಎರಡನೇ ದಿನದಿಂದ ಕಟ್ಟುನಿಟ್ಟಾಗಿ ಪಾಲಿಸಿದೆ. ಒಂದೊಂದು ಮನೆಗೆ ಮೂರು ಸಲ ಹೋಗಬೇಕಾಯಿತು.

ಹಾಗೆ ಸಿಕ್ಕವರು ಕಟ್ಟಡದ ಕೆಲಸದ ಒಬ್ಬ ಹೆಣ್ಣುಮಗಳು. ಮೊದಲು "ಅವರನ್ನ ಕೇಳ್ರಿ" ಅಂದರು. ಕಾದೆ. ಆಮೇಲೆ ಏಣಿಯ ಚಿತ್ರ ನೋಡಿ ಬೆರಳಿಟ್ಟದ್ದು ಎರಡನೇ ಮೆಟ್ಟಿಲ ಮೇಲೆ. ಬರೆದುಕೊಳ್ಳುವವನಿದ್ದೆ. ಸುಮ್ನೆ ಯಾಕೆ ಅಂತ ಕೇಳಿದೆ.

"ಬುಟ್ಟಿ ಹೊತ್ಕೊಂಡು ಮ್ಯಾಲ ಹೋದಂಗ ಅಂಜಿಕಿ ಆಗ್ತದರಿ. ಕೆಳಗ ಇದ್ರ ಚಲೋ."

ಅವರಿಗೆ ಏಣಿ ಅಂದರೆ ದಿನಾ ಹತ್ತುವ ಏಣಿ! ನಾನು ಕೇಳದೇ ಹೋಗಿದ್ದರೆ ನೆಮ್ಮದಿಯಾಗಿರುವ ಒಬ್ಬರು ದುಃಖಿಗಳ ಲೆಕ್ಕಕ್ಕೆ ಸೇರಿಬಿಡುತ್ತಿದ್ದರು. ತುದಿ, ಬುಡ ಎರಡನ್ನೂ ನಿಧಾನವಾಗಿ ಮತ್ತೆ ಓದಿದೆ. ಆಗ ಆರು ಅಂದರು.

ಬ್ರಿಟನ್ನಿನ ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2024ರಲ್ಲಿ ಬಂತು. ಏಣಿ ಅಂದ ಕೂಡಲೇ ಅವರಿಗೆ ಹಣ, ಅಧಿಕಾರ ಜಾಸ್ತಿ ನೆನಪಾಗುತ್ತಂತೆ. ಇಲ್ಲಿ ನೆನಪಾದದ್ದು ಬೀಳುವ ಭಯ.

ಮುಂದಿನವು ನಿನ್ನೆಯ ದಿನದ ಪ್ರಶ್ನೆಗಳು. ನಿನ್ನೆ ಚೆನ್ನಾಗಿ ನಕ್ಕಿದ್ದಿರಾ? "ಹೂಂ, ಮಗಳ ಕೂಡ." ನಿನ್ನೆ ದಿನವಿಡೀ ನಿಮ್ಮನ್ನು ಗೌರವದಿಂದ ನಡೆಸಿಕೊಂಡರಾ? ತುಂಬಾ ಹೊತ್ತು ಮಾತಿಲ್ಲ. "ಮೇಸ್ತ್ರಿ ಹೆಸರು ಹಿಡಿದು ಕರೆಯಂಗಿಲ್ರಿ. 'ಏ' ಅಂತಾನ." ಅದೇ ಆರನೇ ಮೆಟ್ಟಿಲಿನವರು ಇವರು. ಏಣಿಯ ಪ್ರಶ್ನೆಯೊಂದನ್ನೇ ಕೇಳಿ ಎದ್ದಿದ್ದರೆ ಈ ಮಾತು ಸಿಗುತ್ತಿರಲಿಲ್ಲ, ಅಲ್ವಾ? ಹಾಳೆಯಲ್ಲಿದ್ದದ್ದು 'ಹೌದು', 'ಇಲ್ಲ' ಎರಡೇ ಚೌಕ. 'ಇಲ್ಲ' ಗುರುತು ಹಾಕಿ, ಅಂಚಿನಲ್ಲಿ ಅವರ ಮಾತನ್ನು ಹಾಗೇ ಬರೆದೆ.

ಏಣಿಯನ್ನು ಬದಲಾಯಿಸೋಣ ಅಂತ ಮೇಲಿನವರನ್ನು ಕೇಳಿದೆ. ಮಧ್ಯದಲ್ಲಿ ಪ್ರಶ್ನೆ ಬದಲಾದರೆ ಹಳೆಯ ಉತ್ತರಗಳ ಜೊತೆ ಹೋಲಿಸಲು ಆಗುವುದಿಲ್ಲ ಅಂದರು. ಸರಿಯೇ. ಅದಕ್ಕೆ ಪ್ರಶ್ನೆಯನ್ನು ಮುಟ್ಟಲಿಲ್ಲ. ಯಾರೇ ಬೆರಳಿಟ್ಟರೂ ತುದಿ, ಬುಡ ಇನ್ನೊಮ್ಮೆ ಓದಿ, ಆಮೇಲೆ ಅಂಕ ಬರೆದುಕೊಂಡೆ.