ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ನಂತರದ ಅಪರೂಪದ ತೊಂದರೆಗಳನ್ನು ಗುರುತಿಸುವುದು ಹೇಗೆ

ಹಲ್ಲಿನ ಇಂಪ್ಲಾಂಟ್ (ದವಡೆಯ ಮೂಳೆಯೊಳಗೆ ತಿರುಪಿನಂತೆ ಕೂರಿಸುವ ಕೃತಕ ಬೇರು) ಹಾಕಿಸಿಕೊಂಡ ಎರಡು ಮೂರು ದಿನ ಊತ ಹೆಚ್ಚಿ ಆಮೇಲೆ ಇಳಿಯುವುದು, ಮೊದಲ ದಿನ ಉಗುಳಿನಲ್ಲಿ ರಕ್ತದ ಎಳೆ ಕಾಣುವುದು, ಕೆನ್ನೆಯ ಮೇಲೆ ಚರ್ಮ ಕಂದುಗಟ್ಟುವುದು ಸಹಜ. ಇಲ್ಲಿ ಹೇಳಹೊರಟಿರುವುದು ವಿರಳವಾಗಿ ಬರುವ, ಆದರೆ ತಡಮಾಡಿದರೆ ಕೈಮೀರುವ ತೊಂದರೆಗಳನ್ನು. ಇವುಗಳಲ್ಲಿ ಕೆಲವಕ್ಕೆ ನೋವೇ ಇರುವುದಿಲ್ಲವಾದ್ದರಿಂದ, ನೋವಿನ ತೀವ್ರತೆಗಿಂತ ಲಕ್ಷಣ ಕಾಣಿಸಿದ ಸಮಯವೇ ಹೆಚ್ಚು ನಂಬಬಹುದಾದ ಸುಳಿವು. ಅರಿವಳಿಕೆ ಚುಚ್ಚುಮದ್ದು ಕೊಟ್ಟ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಆ ಹೊತ್ತು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಕೆಳದವಡೆಯ ಹಿಂಭಾಗದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶದ ಅರಿವು ಕೊಡುವ ನರ ಆ ಮೂಳೆಯೊಳಗೇ ಸಾಗುತ್ತದೆ. ಇಂಪ್ಲಾಂಟಾಗಲಿ, ಅದರ ಸುತ್ತ ಸೇರಿದ ರಕ್ತವಾಗಲಿ ಅದನ್ನು ಒತ್ತಿದರೆ ಜೋಮು ಬಿಡುವುದಿಲ್ಲ. ಅರಿವಳಿಕೆಯ ಜೋಮು ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ದೀರ್ಘಕಾಲ ಕೆಲಸ ಮಾಡುವ ಔಷಧಿಯಾದರೆ ಇನ್ನಷ್ಟು ಹೊತ್ತು ಹಿಡಿಯಬಹುದು. ಆ ಅವಧಿ ಮುಗಿದ ಮೇಲೆ ಕಣ್ಣು ಮುಚ್ಚಿ, ಹತ್ತಿಯ ತೆಳುವಾದ ಎಳೆಯನ್ನು ತುಟಿಯ ಎರಡೂ ಬದಿಗೆ ಮೃದುವಾಗಿ ತಾಗಿಸಿ ನೋಡಿ. ಒಂದು ಬದಿ ತಿಳಿಯದಿದ್ದರೆ ಅಥವಾ ವಿಚಿತ್ರವಾಗಿ ಉರಿದರೆ, ಜೋಮು ಹಿಡಿದ ಜಾಗದ ಅಂಚನ್ನು ಪೆನ್ನಿನಿಂದ ಗುರುತಿಸಿ, ಫೋಟೊ ತೆಗೆದು, ಅಂದೇ ವೈದ್ಯರಿಗೆ ತಿಳಿಸಿ. ಸ್ಕ್ಯಾನ್‌ನಲ್ಲಿ ಒತ್ತಡ ಖಚಿತವಾದರೆ ಇಂಪ್ಲಾಂಟನ್ನು ಹಿಂದಕ್ಕೆ ತಿರುಗಿಸುವುದು ಅಥವಾ ತೆಗೆಯುವುದು ಮೊದಲ 24ರಿಂದ 36 ಗಂಟೆಗಳೊಳಗೆ ನಡೆದಾಗ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದ್ದರಿಂದ "ಒಂದು ವಾರ ನೋಡೋಣ" ಎಂಬ ಸಮಾಧಾನದ ಮಾತನ್ನು ಇಲ್ಲಿ ಒಪ್ಪಿಕೊಳ್ಳಬಾರದು ಎಂದೇ ನನ್ನ ಬಲವಾದ ಅಭಿಪ್ರಾಯ.

ಕೆಳದವಡೆಯ ಮುಂಭಾಗದ ಅಪಾಯ ಬೇರೆಯದು, ಅಷ್ಟೇ ಅವಸರದ್ದು. ಕೊರೆಯುವಾಗ ಮೂಳೆಯ ಒಳಗೋಡೆ ತೂತಾಗಿ ರಕ್ತನಾಳಕ್ಕೆ ಪೆಟ್ಟಾದರೆ, ನಾಲಿಗೆಯ ಕೆಳಗೆ ರಕ್ತ ತುಂಬಿ ನಾಲಿಗೆ ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಡುತ್ತದೆ. ಇದು ಕೆಲವು ಗಂಟೆಗಳ ನಂತರವೂ ಶುರುವಾಗಬಹುದು. ಬಾಯಿಯ ತಳ ಗಟ್ಟಿಯಾಗಿ ಉಬ್ಬಿದರೆ, ಎಂಜಲು ನುಂಗಲಾಗದಿದ್ದರೆ, ಧ್ವನಿ ಬದಲಾದರೆ ದಂತ ಚಿಕಿತ್ಸಾಲಯಕ್ಕೆ ಫೋನ್ ಮಾಡುತ್ತ ಕೂರದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ಏಕೆಂದರೆ ಮುಂದಿನ ಹಂತ ಉಸಿರುಗಟ್ಟುವುದು.

ಮೇಲ್ದವಡೆಯ ಹಿಂಬದಿಯಲ್ಲಿ ಸೈನಸ್ ಕುಹರ, ಅಂದರೆ ಮೂಗಿಗೆ ತೆರೆದುಕೊಳ್ಳುವ ಗಾಳಿ ತುಂಬಿದ ಪೊಳ್ಳು, ಹತ್ತಿರವಿರುತ್ತದೆ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಬರುವುದು, ಕುಡಿದ ನೀರು ಮೂಗಿನಲ್ಲಿ ಇಳಿಯುವುದು, ಇವೆರಡೂ ಸೈನಸ್ ಮತ್ತು ಬಾಯಿಯ ನಡುವೆ ದಾರಿಯಾಗಿರುವ ಅಥವಾ ಇಂಪ್ಲಾಂಟೇ ಒಳಕ್ಕೆ ಸರಿದಿರುವ ಸೂಚನೆಗಳು. ವೈದ್ಯರು ನೋಡುವವರೆಗೆ ಮೂಗು ಸೀಟಬೇಡಿ, ಸೀನು ಬಂದರೆ ತಡೆಹಿಡಿಯದೆ ಬಾಯಿ ತೆರೆದು ಸೀನಿ, ಸ್ಟ್ರಾ ಬಳಸಬೇಡಿ. ಇಂಪ್ಲಾಂಟಿಗೆ ಜಾಗ ಮಾಡಲು ಸೈನಸ್‌ನ ತಳವನ್ನು ಸುತ್ತಿಗೆಯಿಂದ ತಟ್ಟಿ ಎತ್ತಿದ್ದರೆ, ಮಲಗುವಾಗ ಅಥವಾ ಹೊರಳುವಾಗ ಕೆಲವು ಕ್ಷಣ ತಲೆ ಗಿರ್ರನೆ ಸುತ್ತುವುದೂ ಉಂಟು. ಒಳಗಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದರಿಂದ ಆಗುವ ಇದನ್ನು ಕಿವಿ-ಮೂಗು-ಗಂಟಲು ತಜ್ಞರು ತಲೆಯನ್ನು ಕ್ರಮವಾಗಿ ತಿರುಗಿಸಿಯೇ ಸರಿಪಡಿಸಬಲ್ಲರು.

ಕೆನ್ನೆ ಹಠಾತ್ತಾಗಿ ಉಬ್ಬಿ, ಒತ್ತಿದಾಗ ಚರ್ಮದಡಿ ಚರಚರ ಎಂದರೆ ಅಂಗಾಂಶದೊಳಗೆ ಗಾಳಿ ಹೊಕ್ಕಿದೆ ಎಂದರ್ಥ. ತಿಕ್ಕದೆ ಅಂದೇ ತೋರಿಸಿ. ಊತ ಕುತ್ತಿಗೆಗೋ ಎದೆಗೋ ಇಳಿದರೆ ಆಸ್ಪತ್ರೆಯೇ ಸರಿ.

ಕೆಲವು ತೊಂದರೆಗಳು ತಿಂಗಳುಗಳ ಬಳಿಕ ತಲೆಯೆತ್ತುತ್ತವೆ. ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ಬಿಸ್ಫಾಸ್ಫೊನೇಟ್ ಅಥವಾ ಡೆನೊಸುಮ್ಯಾಬ್ ಎಂಬ ಔಷಧಿ ಪಡೆದವರಲ್ಲಿ ಒಸಡು ಮುಚ್ಚಿಕೊಳ್ಳದೆ ಮೂಳೆ ಬರಿದಾಗಿ ಕಾಣಬಹುದು. ಎಂಟು ವಾರ ಮೀರಿದರೆ ಅದನ್ನು ಔಷಧಿಯಿಂದಾದ ದವಡೆ ಮೂಳೆಯ ಕೊಳೆತವೆಂದು ಪರಿಗಣಿಸುತ್ತಾರೆ, ಆದರೆ ತೋರಿಸಲು ಅಷ್ಟು ಕಾಯಬೇಕಾಗಿಲ್ಲ. ನಿಲ್ಲಿಸಿ ವರ್ಷಗಳಾಗಿದ್ದರೂ ಆ ಔಷಧಿಯ ಹೆಸರು, ಇಂಪ್ಲಾಂಟಿನ ಕಂಪನಿ ಮತ್ತು ಅಳತೆ ಬರೆದ ಕಾರ್ಡು, ಶಸ್ತ್ರಚಿಕಿತ್ಸೆಗೆ ಮೊದಲಿನ ಸ್ಕ್ಯಾನ್ ಇವನ್ನು ಜೊತೆಗೊಯ್ಯಿರಿ.