ವಾಲಂಟಿಯರ್‌ಗಳಿಗೆ ಮೈಸೂರು ಸೀಮೆ ತೋರಿಸುವ ಶನಿವಾರ, ಭಾನುವಾರ

ಹೊರದೇಶಗಳಿಂದ ಬಂದು ಮೈಸೂರಿನ ಶಾಲೆಗಳಲ್ಲಿ ಒಂದೆರಡು ತಿಂಗಳು ಕೆಲಸ ಮಾಡುವ ವಾಲಂಟಿಯರ್‌ಗಳಿಗೆ ತಿರುಗಾಟಕ್ಕೆ ಸಿಗುವುದು ವಾರದ ಕೊನೆಯ ಎರಡು ದಿನ. ಸೋಮವಾರ ಪ್ರಾರ್ಥನೆಯ ಬೆಲ್ ಹೊಡೆಯುವಾಗ ಮತ್ತೆ ಶಾಲೆಯಲ್ಲಿರಬೇಕು. ಅಷ್ಟರಲ್ಲೇ ಹಂಪಿ, ಊಟಿ, ಕೊಡಗು ಮುಗಿಸುವ ಪಟ್ಟಿ ಹಿಡಿದು ಬರುತ್ತಾರೆ. ನಾವು ಒಪ್ಪುವುದಿಲ್ಲ. ಎರಡೂ ರಾತ್ರಿ ಮೈಸೂರಿನಲ್ಲಿ ಉಳಿದಿರುವ ಜಾಗಕ್ಕೇ ವಾಪಸಾಗುವಂತೆ ಸುತ್ತು ಹಾಕುತ್ತೇವೆ.

ಕಾರಣ ಬರೀ ಆಯಾಸವಲ್ಲ. ಹೋಟೆಲಾಗಲಿ ಮನೆಯಾಗಲಿ, ವಿದೇಶಿಯರನ್ನು ಉಳಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ರೂಢಿಯಲ್ಲಿ ಇದು ‘ಸಿ ಫಾರಂ’. ಸಣ್ಣ ಲಾಡ್ಜ್‌ಗಳು ಈ ತಲೆನೋವು ಬೇಡವೆಂದು ಪಾಸ್‌ಪೋರ್ಟ್ ನೋಡಿದ ಕೂಡಲೇ ‘ರೂಮ್ ಖಾಲಿ ಇಲ್ಲ ಸರ್’ ಅನ್ನುತ್ತವೆ. ರಾತ್ರಿ ಒಂಬತ್ತಕ್ಕೆ ಈ ಮಾತು ಕೇಳಿಸಿಕೊಳ್ಳುವುದಕ್ಕಿಂತ ವಾಪಸ್ ಬರುವುದು ಸುಲಭ. ಹಗಲು ಓಡಾಟಕ್ಕೆ ಪಾಸ್‌ಪೋರ್ಟ್, ವೀಸಾ ಪುಟಗಳ ಜೆರಾಕ್ಸ್ ಎಲ್ಲರ ಬ್ಯಾಗಿನಲ್ಲೂ ಇರಲಿ.

ಶನಿವಾರದ ಸುತ್ತು ಸೋಮನಾಥಪುರ, ಶ್ರೀರಂಗಪಟ್ಟಣ, ರಂಗನತಿಟ್ಟು. ಎಲ್ಲ ಸೇರಿ ನೂರು ಕಿಲೋಮೀಟರ್ ಒಳಗೇ. ಬಸ್ಸಿನಲ್ಲಿ ಹೋದರೆ ಬನ್ನೂರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಆರು ಜನರಿದ್ದರೆ ಇನ್ನೋವಾ, ಹತ್ತು ದಾಟಿದರೆ ಟೆಂಪೊ ಟ್ರಾವೆಲರ್ ಮೇಲು. ಬಾಡಿಗೆ ಮಾತಾಡುವಾಗ ಮೂರು ಪ್ರಶ್ನೆ ಮೊದಲೇ ಕೇಳಿಬಿಡಿ: ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್‌ಗೆ ದುಡ್ಡು, ಡ್ರೈವರ್ ಬಾಟಾ ಒಳಗೋ ಹೊರಗೋ, ಪಾರ್ಕಿಂಗ್ ಯಾರದು. ಜಗಳ ಹುಟ್ಟುವುದು ಇವುಗಳಲ್ಲೇ.

ಏಳೂವರೆಗೆ ಹೊರಟು ಬನ್ನೂರಿನಲ್ಲಿ ಇಡ್ಲಿ ತಿಂದು ಒಂಬತ್ತರ ಹೊತ್ತಿಗೆ ಸೋಮನಾಥಪುರದಲ್ಲಿರಬೇಕು. ಬೇಗ ಹೋಗುವುದು ಜನಜಂಗುಳಿಗೆ ಹೆದರಿ ಅಲ್ಲ, ಕಲ್ಲಿಗೆ ಹೆದರಿ. ಚಪ್ಪಲಿ ಬಿಟ್ಟು ಜಗತಿ, ಅಂದರೆ ದೇವಾಲಯ ನಿಂತಿರುವ ಎತ್ತರದ ಕಲ್ಲುಕಟ್ಟೆ ಹತ್ತಬೇಕು. ಮಾರ್ಚ್‌ನಿಂದ ಮೇವರೆಗೆ ಹನ್ನೊಂದಾದರೆ ಹಾಸುಗಲ್ಲು ಕಾದ ಹೆಂಚು. ನಮ್ಮ ಕಾಲಿಗೆ ಅಭ್ಯಾಸವಿದೆ, ಅವರದಕ್ಕಿಲ್ಲ. ದಪ್ಪನೆಯ ಹತ್ತಿ ಕಾಲುಚೀಲ ತರಲು ಹಿಂದಿನ ದಿನವೇ ಹೇಳಿಡುತ್ತೇವೆ.

ಟಿಕೆಟ್ ಕೌಂಟರ್‌ನಲ್ಲಿ ಒಂದು ಮುಜುಗರ ಕಾದಿರುತ್ತದೆ: ನಮಗೆ 25 ರೂಪಾಯಿ, ಅವರಿಗೆ 300. ಆನ್‌ಲೈನ್‌ನಲ್ಲಿ ತೆಗೆದರೆ 20 ಮತ್ತು 250. ನೇಪಾಳ, ಶ್ರೀಲಂಕಾದಂಥ ಸಾರ್ಕ್ ದೇಶಗಳವರಿಗೆ ನಮ್ಮ ದರವೇ, ಪಾಸ್‌ಪೋರ್ಟ್ ತೋರಿಸಬೇಕು. ಈ ವ್ಯತ್ಯಾಸವನ್ನು ಗಾಡಿಯಲ್ಲೇ ವಿವರಿಸಿ. ಕೌಂಟರ್ ಎದುರು ಗೊತ್ತಾದರೆ ಮೋಸ ಅನಿಸುತ್ತದೆ, ಮೊದಲೇ ಗೊತ್ತಿದ್ದರೆ ನಿಯಮ ಅನಿಸುತ್ತದೆ.

ಒಳಗೆ ಎರಡು ಗಂಟೆ ಬೇಕೇ ಬೇಕು. 13ನೇ ಶತಮಾನದ ಈ ತ್ರಿಕೂಟ (ಮೂರು ಗರ್ಭಗುಡಿಗಳ) ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿ ಸೇರಿತು. ಸುಮ್ಮನೆ ಬಿಟ್ಟರೆ ಹತ್ತು ನಿಮಿಷಕ್ಕೆ ಒಂದು ಸುತ್ತು ಮುಗಿಸಿ ನೆರಳು ಹುಡುಕುತ್ತಾರೆ. ಹಾಗಾಗದಂತೆ ಕೆಳಗಿನ ಪಟ್ಟಿಯಿಂದ ಶುರುಮಾಡಿ: ಆನೆಗಳು, ಮೇಲೆ ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಕತೆ, ಆಮೇಲೆ ಮಕರ, ಹಂಸ. ಪ್ರದಕ್ಷಿಣೆಯಾಗಿಯೇ ನಡೆಸಬೇಕು. ದಕ್ಷಿಣಕ್ಕೆ ರಾಮಾಯಣ, ಹಿಂಭಾಗದಲ್ಲಿ ಭಾಗವತ, ಉತ್ತರಕ್ಕೆ ಮಹಾಭಾರತ. ಒಳಗೆ ಬಂದವರು ಬಲಕ್ಕೆ ತಿರುಗಿದರೆ ಕತೆ ತಿರುವುಮುರುವು. ಮೂರ್ತಿಗಳ ಪೀಠದಲ್ಲಿ ಶಿಲ್ಪಿಗಳ ರುಜುವಿದೆ. ಮಲ್ಲಿತಮ್ಮನ ಹೆಸರನ್ನು ಹುಡುಕುವ ಕೆಲಸ ಕೊಟ್ಟರೆ, ಕನ್ನಡ ಅಕ್ಷರ ಈಗಷ್ಟೇ ಕಲಿಯುತ್ತಿರುವವರೂ ಅರ್ಧ ಗಂಟೆ ಗೋಡೆಗೆ ಅಂಟಿಕೊಳ್ಳುತ್ತಾರೆ. ನವರಂಗದ (ಒಳಗಿನ ಕಂಬಗಳ ಮಂಟಪ) ಒಳಗೆ ಕತ್ತಲು, ಭುವನೇಶ್ವರಿಗಳಲ್ಲಿ (ಕೆತ್ತನೆಯ ಒಳಛಾವಣಿ) ಅರಳುತ್ತಿರುವ ಬಾಳೆಮೊಗ್ಗು ಕಾಣಬೇಕಾದರೆ ಟಾರ್ಚ್ ಬೇಕು.

ಮಧ್ಯಾಹ್ನದ ಹೊತ್ತನ್ನು ಶ್ರೀರಂಗಪಟ್ಟಣದಲ್ಲಿ ಎಲ್ಲರೂ ಕೆಡಿಸಿಕೊಳ್ಳುತ್ತಾರೆ. ರಂಗನಾಥಸ್ವಾಮಿ ದೇವಸ್ಥಾನದ ಬಾಗಿಲು ಮಧ್ಯಾಹ್ನ ಹಾಕಿದರೆ ತೆರೆಯುವುದು ನಾಲ್ಕಕ್ಕೆ. ಅಲ್ಲಿಗೆ ಒಂದೂವರೆಗೆ ಓಡುವ ಬದಲು ಊಟ ಮುಗಿಸಿ 1784ರ ದರಿಯಾ ದೌಲತ್‌ಗೆ ಹೋಗಿ. ತೇಗದ ಅರಮನೆ, ತಂಪು. 1780ರ ಪೊಳ್ಳಿಲೂರು ಯುದ್ಧದ ಚಿತ್ರ ಗೋಡೆ ತುಂಬ ಇದೆ. ಸೋತ ಬ್ರಿಟಿಷ್ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಇಂಗ್ಲೆಂಡಿನವರು ತಮ್ಮ ಶಾಲೆಯಲ್ಲಿ ಓದದ ಪಾಠ ಇದು, ಬಹಳ ಹೊತ್ತು ನಿಲ್ಲುತ್ತಾರೆ. ಎಂಜಿನಿಯರಿಂಗ್ ಓದಿದವರಿದ್ದರೆ ಸ್ಟೇಷನ್ ಬಳಿಯ ಟಿಪ್ಪುವಿನ ಶಸ್ತ್ರಾಗಾರ ತೋರಿಸಿ. ಜೋಡಿ ಹಳಿಗೆ ಅಡ್ಡವಿದೆಯೆಂದು 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು.

ನಾಲ್ಕರ ನಂತರ ರಂಗನತಿಟ್ಟು. ಹಕ್ಕಿಗಳು ಗೂಡಿಗೆ ಮರಳುವ ಹೊತ್ತು, ದೋಣಿಯಿಂದ ಕೊಕ್ಕರೆ, ಚಮಚಕೊಕ್ಕು ಹತ್ತಿರದಲ್ಲೇ ಕಾಣುತ್ತವೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವುದು ಪ್ರತಿಮೆಯಲ್ಲ, ಮೊಸಳೆ. ನೀರಿಗೆ ಕೈ ಇಳಿಬಿಡುವವರನ್ನು ಗದರಿಸಲೇಬೇಕು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಹೆಚ್ಚು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಬೆಳಿಗ್ಗೆಯೇ ವಿಚಾರಿಸಿ, ಇಲ್ಲವಾದರೆ ಆ ಹೊತ್ತನ್ನು ದೇವಸ್ಥಾನಕ್ಕೆ ಕೊಡಿ. ಬೃಂದಾವನ? ಕಾರಂಜಿಗೆ ಕಾದು ಕೂತರೆ ಮನೆ ಸೇರುವುದು ಹತ್ತಾಗುತ್ತದೆ. ನಾವು ಬಿಟ್ಟೇಬಿಟ್ಟಿದ್ದೇವೆ.

ಭಾನುವಾರ ಆರಕ್ಕೇ ಚಾಮುಂಡಿ ಬೆಟ್ಟದ ಪಾದ. ಮೆಟ್ಟಿಲು ಸುಮಾರು ಸಾವಿರ, ಏಳುನೂರರ ಆಸುಪಾಸಿನಲ್ಲಿ ನಂದಿ. ತಲೆಗೆ ಒಂದು ಲೀಟರ್ ನೀರು ಸಾಕು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡ. ಕೋತಿಗೆ ಕವರ್ ಅಂದರೆ ತಿಂಡಿ. ಹತ್ತಿ ಹೋಗಿ, ಇಳಿಯುವಾಗ 201 ನಂಬರ್ ಸಿಟಿ ಬಸ್ ಹಿಡಿಯಿರಿ. ಇಳಿಯುವಾಗಲೂ ನಡೆದರೆ ಸೋಮವಾರ ಮಂಡಿ ನೋವು.

ಮಧ್ಯಾಹ್ನ ದೇವರಾಜ ಮಾರುಕಟ್ಟೆ, ಬಾಳೆಲೆ ಊಟ. ಎಲೆ ಮುಂದೆ ಕೂರುವ ಮೊದಲು ‘ಸಾಕು’ ಹೇಳಿಕೊಡಿ, ಎಲೆಗೆ ಕೈ ಅಡ್ಡ ಹಿಡಿಯುವುದನ್ನೂ. ನಮಸ್ಕಾರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪದ ಇದೇ, ಸೆಲ್ಫಿಗೆ ಮುತ್ತುವವರಿಗೂ ನಡೆಯುತ್ತದೆ. ಬಂದು ಎರಡು ವಾರವಾಗದವರಿಗೆ ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ಕಬ್ಬಿನಹಾಲು ಬೇಡ. ಎಳನೀರು, ಬಿಸಿ ದೋಸೆ ಧಾರಾಳ. ಒಂದು ಲೀಟರ್ ನೀರಿಗೆ ಕಲಸುವ ಓಆರ್‌ಎಸ್ ಪೊಟ್ಟಣ ನಾಲ್ಕು ಜೊತೆಗಿರಲಿ.

ಅರಮನೆಯನ್ನು ಕೊನೆಗೆ ಇಟ್ಟಿರುವುದು ದೀಪಕ್ಕಾಗಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತುವುದು ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ ಏಳಕ್ಕೆ, ಮುಕ್ಕಾಲು ಗಂಟೆ ಮಾತ್ರ. ದಸರೆಯಲ್ಲಿ ದಿನವೂ ಉಂಟು, ಆದರೆ ಆಗ ರೂಮು, ಗಾಡಿ ಎರಡೂ ಸಿಗವು. ಮೂರೂವರೆಗೆ ಒಳಗೆ ಹೋದರೆ ಕಲ್ಯಾಣ ಮಂಟಪ ನಿಧಾನವಾಗಿ ನೋಡಬಹುದು. ಅಲ್ಲಿನ ಎರಕದ ಕಂಬಗಳು ಗ್ಲಾಸ್ಗೊದಿಂದ ಬಂದವು, ಸ್ಕಾಟ್ಲೆಂಡಿನವರಿದ್ದರೆ ಹೇಳಿ. ಹೊರಬಂದು ಕಾಫಿ ಕುಡಿದು ಆರೂಮುಕ್ಕಾಲಿಗೆ ಅರಮನೆಯ ಎದುರು ನಿಂತಿರಿ, ಫೋನ್ ಚಾರ್ಜ್ ಉಳಿಸಿಕೊಂಡು. ಎಂಟಕ್ಕೆ ಆಟೊ ಹತ್ತಿಸುವಾಗ ‘ಮೀಟರ್ ಹಾಕಿ ಅಣ್ಣ’ ಅನ್ನುವುದನ್ನು ಅವರ ಬಾಯಿಂದಲೇ ಹೇಳಿಸಿ.