ಅಜ್ಜನ ಮಚವೆಯನ್ನು ಮತ್ತೆ ನೀರಿಗಿಳಿಸಿದ್ದು

ಅಘನಾಶಿನಿ ದಂಡೆಯ ನಮ್ಮ ತೆಂಗಿನ ತೋಟದಲ್ಲಿ ಅಜ್ಜನ ಮಚವೆ, ಅಂದರೆ ಸರಕು ಸಾಗಿಸುವ ಮರದ ಹಾಯಿದೋಣಿ, 11 ವರ್ಷ ಮಡಲಿನ ಚಪ್ಪರದಡಿ ಒಣಗಿಕೊಂಡು ನಿಂತಿತ್ತು. 38 ಅಡಿ ಉದ್ದ, ಒಂದೇ ಕೂವೆಕಂಬ. ಸಾಣಿಕಟ್ಟೆಯ ಉಪ್ಪು ಹೇರಿಕೊಂಡು ಬರೀ ಹಾಯಿಯಲ್ಲೇ ಓಡಾಡಿದ ದೋಣಿ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ನೋಡಿದವರೆಲ್ಲ ಒಲೆಗೆ ಹಾಕು ಅಂದರು. ನನಗೆ ಮನಸ್ಸಾಗಲಿಲ್ಲ. 1817ರಲ್ಲಿ ಬಾಂಬೆಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಹಾಯಿ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಹಾಗಿರುವಾಗ ನಮ್ಮದನ್ನು ಯಾಕೆ ಸುಡಬೇಕು?

ದೋಣಿ ಕಟ್ಟಿ ಗೊತ್ತಿದ್ದ ಒಬ್ಬರು ಹಿರಿಯ ಆಚಾರ್ರು ಸಿಕ್ಕಿದರು. ಮೊದಲ ಎರಡು ವಾರ ಅವರು ಒಂದು ಮೊಳೆಯನ್ನೂ ಕೀಳಲು ಬಿಡಲಿಲ್ಲ. ಸುತ್ತಿಗೆಯಿಂದ ಬಡಿದು ಕೇಳುವುದು, ಉಳಿಯ ತುದಿಯಿಂದ ಚುಚ್ಚಿ ನೋಡುವುದು, ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಅಷ್ಟೇ. ಉಪ್ಪು ತುಂಬುತ್ತಿದ್ದ ಹೊಟ್ಟೆಯ ಭಾಗ ಗಟ್ಟಿಯಾಗಿತ್ತು. ಕೊಳೆತದ್ದೆಲ್ಲ ಮೇಲ್ಗಡೆ, ಅಂಚಿನ ಹಲಗೆಗಳಲ್ಲಿ. ಮರವನ್ನು ಕೊಳೆಸುವುದು ಹೆಚ್ಚಾಗಿ ಮೇಲಿಂದ ಸೋರಿ ನಿಲ್ಲುವ ಮಳೆನೀರು. ಉಪ್ಪು ಮರವನ್ನು ಕಾಯುತ್ತದೆ.

ಆಮೇಲೆ ಮುಂದಿನಿಂದ ಹಿಂದಿನವರೆಗೆ ದಾರ ಎಳೆದು ನೋಡಿದೆವು. ಎರಡೂ ತುದಿ ಮೂರು ಇಂಚು ಜೋತುಬಿದ್ದಿದ್ದವು. ಈ ಸ್ಥಿತಿಯಲ್ಲಿ ಹಲಗೆ ಬಿಚ್ಚಿದರೆ ದೋಣಿ ಅದೇ ಸೊಟ್ಟ ಆಕಾರದಲ್ಲಿ ಕೂತುಬಿಡುತ್ತದೆ. ಕೆಳಗೆ ಮರದ ಬೆಣೆ ಕೊಟ್ಟು ವಾರಕ್ಕೆ ಅರ್ಧ ಇಂಚಿನಂತೆ ಎತ್ತುತ್ತಾ ಬಂದೆವು. ಅದು ಸರಿಯಾದ ಮೇಲೆಯೇ ಹಲಗೆ ಬದಲಿಸಿದ್ದು. ಅದೂ ಒಂದು ಸಲಕ್ಕೆ ಒಂದೇ. ಹೆಬ್ಬಲಸಿನ ಹೊಸ ಹಲಗೆಯನ್ನು ಬಾಚಿಯಿಂದ ಕೆತ್ತಿ ಕೂರಿಸಿದ ಮೇಲೆ ಮುಂದಿನದಕ್ಕೆ ಕೈ. ಹಳೆಯ ಕಬ್ಬಿಣದ ಬೋಲ್ಟುಗಳ ಪಕ್ಕದಲ್ಲಿ ತಾಮ್ರದ ಮೊಳೆ ಹೊಡೆಯಬೇಡಿ. ಉಪ್ಪುನೀರಲ್ಲಿ ಎರಡೂ ಸೇರಿದರೆ ಕಬ್ಬಿಣ ಬೇಗ ತುಕ್ಕು ತಿಂದುಹೋಗುತ್ತದೆ. ಒಂದೇ ಜಾತಿ ಲೋಹ ಇಟ್ಟುಕೊಳ್ಳಿ.

ಹೊರಗೆಲ್ಲ ಫೈಬರ್ ಹೊದಿಸಿಬಿಡಿ ಅಂತ ತುಂಬಾ ಜನ ಹೇಳಿದರು. ನಾನು ಒಪ್ಪಲಿಲ್ಲ. ಒಳಗೆ ಸೇರಿದ ತೇವಕ್ಕೆ ಹೊರಹೋಗಲು ದಾರಿ ಇರಬೇಕು, ಅಲ್ವಾ?

ನಾನು ದೊಡ್ಡ ತಪ್ಪು ಮಾಡಿದ್ದು ಸಂದು ತುಂಬುವಾಗ. ಹತ್ತಿಯನ್ನು ಹೊಸೆದು, ಎಣ್ಣೆಯಲ್ಲಿ ನೆನೆಸಿ, ಮೊಂಡು ಉಳಿ ಇಟ್ಟು ಕೊಡತಿಯಿಂದ ಬಡಿದು ಕೂರಿಸಬೇಕು. ಅದರ ಮೇಲೆ ಎಣ್ಣೆಯಲ್ಲಿ ಕಾಯಿಸಿದ ಧೂಪದ ರಾಳ. "ಮರ ನೀರು ಕುಡೀತದೆ ತಮಾ, ಅದಕ್ಕೆ ಜಾಗ ಬಿಡು" ಅಂತ ಆಚಾರ್ರು ಎಷ್ಟೋ ಸಲ ಹೇಳಿದ್ದರು. ಏಪ್ರಿಲ್ ಬಿಸಿಲಲ್ಲಿ, ಅವರು ಇಲ್ಲದ ಒಂದು ಭಾನುವಾರ, ಸೋರಲೇಬಾರದು ಅಂತ ಮೂರು ಸಂದುಗಳಿಗೆ ಶಕ್ತಿ ಬಿಟ್ಟು ಹತ್ತಿ ಜಡಿದೆ. ಮೇ ತಿಂಗಳಲ್ಲಿ ನೀರಿಗಿಳಿಸಿದೆವು. ನಾಲ್ಕನೇ ದಿನ ಹಲಗೆಗಳು ಊದಿಕೊಂಡವು. ಸಂದಿನಲ್ಲಿ ಜಾಗವೇ ಇಲ್ಲ. ಒಂದು ಹಲಗೆ ಹೊರಗೆ ಉಬ್ಬಿ, ಮೊಳೆ ಸಮೇತ ಪಕ್ಕೆ ಮರದಿಂದ ಕಿತ್ತುಬಂತು. ಆ ಸದ್ದು ಕೇಳಿ ನನಗೆ ಅಳು ಬಂದಿತ್ತು.

ಮತ್ತೆ ದಂಡೆಗೆ ಎಳೆದು, ಹತ್ತಿ ಕಿತ್ತು, ಹಲಗೆ ಕೂರಿಸಿ, ಈ ಸಲ ಕೈಯಲ್ಲಿ ಒತ್ತಿದರೆ ಸ್ವಲ್ಪ ಬಗ್ಗುವಷ್ಟು ಮೆತ್ತಗೆ ತುಂಬಿದೆವು. ಹನ್ನೆರಡು ದಿನ ಹಿಡಿಯಿತು. ಮಳೆ ಹಿಡಿಯುವ ಮೊದಲೇ ದೋಣಿಯನ್ನು ಉಪ್ಪಿನಪಟ್ಟಣದ ಕಡೆಗೆ, ಹೊಳೆಯ ಮೇಲ್ಭಾಗಕ್ಕೆ ಒಯ್ದು ಕಟ್ಟಿದೆವು. ಅಜ್ಜನೂ ಪ್ರತಿ ಮಳೆಗಾಲ ಹಾಗೇ ಮಾಡುತ್ತಿದ್ದರು. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆ ಬಂದರೆ ನೀರು ಪೂರ್ತಿ ಸಿಹಿಯಾಗುತ್ತದೆ. ಹಡಗು ಕೊರೆಯುವ ಹುಳು ನಿಜಕ್ಕೂ ಒಂದು ಜಾತಿಯ ಚಿಪ್ಪುಪ್ರಾಣಿ. ಅದು ಉಪ್ಪುನೀರಲ್ಲೇ ಬದುಕುವುದು. ವಾರಗಟ್ಟಲೆ ಸಿಹಿನೀರಲ್ಲಿದ್ದರೆ ಸಾಯುತ್ತದೆ.

ಎರಡನೇ ಸಲ ಇಳಿಸಿದ ಮೊದಲ ದಿನ 60 ಬಕೆಟ್ ನೀರು ಎತ್ತಿ ಹಾಕಿದೆವು. ಐದನೇ ದಿನ ನಾಲ್ಕು. ಈಗ ಬೆಳಿಗ್ಗೆ ಹೋಗಿ ನೋಡಿದರೆ ತಳದಲ್ಲಿ ಒಂದು ಚೊಂಬಿನಷ್ಟು ಇರುತ್ತದೆ. ಹಾಯಿಗೆ ದಪ್ಪ ಹತ್ತಿ ಬಟ್ಟೆ ತಂದಿಟ್ಟಿದ್ದೇನೆ. ಹೊಲಿಗೆ ದೀಪಾವಳಿ ಕಳೆದ ಮೇಲೆ.